ಕೂತು ಕೇಳಿದವರು, ಎದ್ದು ಕುಣಿದವರು

2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡ ಬಂದಾಗ, ಕಪ್ಪು ಟೀ ಶರ್ಟಿನ ಹುಡುಗರು ಊರೂರುಗಳಿಂದ ರೈಲು ಹತ್ತಿ ಬಂದಿಳಿದದ್ದು ಹಲವರಿಗೆ ನೆನಪಿರಬಹುದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೋವಾದ ಕ್ಯಾಂಡೊಲಿಮ್ ಕಡಲತಡಿಯಲ್ಲಿ ಸನ್‌ಬರ್ನ್ ಎಂಬ ಇಡಿಎಂ (ಎಲೆಕ್ಟ್ರಾನಿಕ್ ನೃತ್ಯಸಂಗೀತ) ಉತ್ಸವ ಮೊದಲ ಬಾರಿಗೆ ನಡೆಯಿತು. ಅಲ್ಲಿನ ವೇದಿಕೆಯ ಗತ್ತೇ ಬೇರೆ. ಒಂದು ಮೇಜು, ಅದರ ಮೇಲೆ ಒಂದಿಷ್ಟು ಯಂತ್ರ, ಹಿಂದೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ. ಮಾರ್ಚ್‌ನ ಗುಂಪಿನಲ್ಲಿದ್ದ ನಮ್ಮ ಪರಿಚಯದ ಎಷ್ಟೋ ಮಂದಿ ಮುಂದಿನ ಕೆಲವು ವರ್ಷಗಳಲ್ಲಿ ಡಿಸೆಂಬರ್‌ನ ಗುಂಪಿಗೆ ಸರಿದರು. ಈಗ ಅವರಿಗೆ ನಲವತ್ತರ ಆಸುಪಾಸು. ಮಕ್ಕಳು ಇಡಿಎಂ ಎಂದರೆ ಅದರೊಳಗಿನ ಹತ್ತು ಪಂಗಡಗಳ ಹೆಸರು ಹೇಳಿ ಅಪ್ಪಂದಿರ ಬಾಯಿ ಮುಚ್ಚಿಸುತ್ತಾರೆ. ಈ ಸದ್ದು ಬರುವ ಮೊದಲು ನಾವು ಏನು ಕೇಳುತ್ತಿದ್ದೆವು, ಅದಕ್ಕಿಂತ ಮುಖ್ಯವಾಗಿ ಹೇಗೆ ಕೇಳುತ್ತಿದ್ದೆವು ಎಂಬುದನ್ನು ಒಮ್ಮೆ ಹಿಂತಿರುಗಿ ನೋಡುವ ಹೊತ್ತು ಇದು.

ಕೇಳುವುದೆಂದರೆ ಕೂರುವುದು. ಓದುಬರಹ ಬಲ್ಲ ಮನೆಗಳಲ್ಲಿ ಬಹುಕಾಲ ಇದೇ ರೂಢಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳನ್ನು ನಡೆಸಿಕೊಂಡು ಬಂದ ಶ್ರೀರಾಮ ಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಅಲ್ಲಿ ಟಿಕೆಟ್ ಕೊಂಡವರು ಚಪ್ಪರದೊಳಗೆ ಕುರ್ಚಿಯಲ್ಲಿ, ಕೊಳ್ಳಲಾಗದವರು ಹೊರಗೆ ಫುಟ್‌ಪಾತಿನಲ್ಲಿ, ಇಬ್ಬರೂ ಕೂತವರೇ. ತೊಡೆಯ ಮೇಲೆ ತಾಳ ಹಾಕುವಷ್ಟೇ ದೇಹಕ್ಕೆ ಸಿಕ್ಕ ಸ್ವಾತಂತ್ರ್ಯ. ಬಾನುಲಿಯಾದರೂ ಸಲೀಸಾಗಿತ್ತೇ? 1940ರಿಂದ 1971ರವರೆಗೆ ಹಾರ್ಮೋನಿಯಂ ಆಕಾಶವಾಣಿಗೆ ನಿಷಿದ್ಧ. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿದ್ದಾಗ ಸಿನಿಮಾ ಹಾಡಿಗೂ ಬಾಗಿಲು ಮುಚ್ಚಿತು. 1952ರಲ್ಲಿ ಶುರುವಾದ ಬಿನಾಕಾ ಗೀತಮಾಲೆಗಾಗಿ ಜನ ರೇಡಿಯೊ ಸಿಲೋನಿನತ್ತ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ತೆರೆಯಬೇಕಾಯಿತು. ಪಿ.ಬಿ. ಶ್ರೀನಿವಾಸರ ದನಿಗಾಗಿ ಟ್ರಾನ್ಸಿಸ್ಟರಿನ ಸುತ್ತ ಬಾಗಿ ಕೂತವರು ಹಾಡಿನ ಮಾತು ಒಂದೂ ತಪ್ಪಿಹೋಗದಂತೆ ಉಸಿರು ಬಿಗಿಹಿಡಿಯುತ್ತಿದ್ದರು.

ಮಾತು ಎಂದೆವಲ್ಲ, ನಮ್ಮ ರುಚಿಯ ಬೇರು ಇದ್ದದ್ದು ಅಲ್ಲಿಯೇ. ವಚನ, ಕೀರ್ತನೆ, ತತ್ತ್ವಪದಗಳನ್ನು ಕೇಳಿ ಬೆಳೆದ ಕನ್ನಡದ ಕಿವಿ ರಾಗಕ್ಕೆ ಮೊದಲು ಸಾಹಿತ್ಯವನ್ನು ಹುಡುಕುತ್ತಿತ್ತು. ಗಾಯಕ ಪಿ. ಕಾಳಿಂಗರಾಯರು ಕವಿತೆಯನ್ನು ಪುಸ್ತಕದಿಂದ ಎಬ್ಬಿಸಿ ವೇದಿಕೆಗೆ ಕರೆತಂದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’, ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕವಿಗಳು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಕೇಳಿಸತೊಡಗಿದರು. ಇನ್ನು ಸಿ. ಅಶ್ವತ್ಥ್. ಶಿಶುನಾಳ ಶರೀಫರ ಪದಗಳನ್ನು ಎದೆಯಾಳದಿಂದ ಕೂಗಿ ಕರೆದಂತೆ ಹಾಡಿದ ಆ ಕಂಠ 2005ರಲ್ಲಿ ಅದೇ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಕಾರ್ಯಕ್ರಮ ನಡೆಸಿದಾಗ ಜನಸಾಗರವೇ ನೆರೆಯಿತು. ಬರಿಯ ಭಾವಗೀತೆಗಾಗಿ ಅಷ್ಟು ಜನ! ಇಂದು ಹೇಳಿದರೆ ನಂಬುವವರು ಕಡಿಮೆ. ಅದು ಒಂದು ಯುಗದ ಆರಂಭವೆಂದೇ ಆ ರಾತ್ರಿ ನಾವೆಲ್ಲ ತಿಳಿದೆವು. 2009ರ ಡಿಸೆಂಬರ್‌ನಲ್ಲಿ ಅಶ್ವತ್ಥ್ ತೀರಿಕೊಂಡರು. ಅಂಥ ಜಾತ್ರೆ ಭಾವಗೀತೆಗೆ ಮತ್ತೆ ಸೇರಲಿಲ್ಲ.

ಯಂತ್ರದ ಸದ್ದು ಮಾತ್ರ 2007ಕ್ಕಾಗಿ ಕಾದು ಕೂತಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ‘ಬಿದ್ದು’ ಎಂಬ ಹೆಸರಿನ ಕೊಡವ ಹುಡುಗ ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡನ್ನು ರೂಪಿಸಿ ಲೋಕವನ್ನೇ ಕುಣಿಸಿದ್ದ. 1980ರಲ್ಲಿ ನಾಜಿಯಾ ಹಸನ್ ಕಂಠದಿಂದ ‘ಕುರ್ಬಾನಿ’ಯ ಹಾಡು ಹಾಡಿಸಿ ನಮ್ಮ ಮದುವೆ ಮನೆಗಳಿಗೂ ಡಿಸ್ಕೊ ತಂದ. 1982ರಲ್ಲಿ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿ, ಜಪಾನಿನ ರೋಲ್ಯಾಂಡ್ ಯಂತ್ರಗಳಲ್ಲಿ ನುಡಿಸಿ ಒಂದು ಎಲ್‌ಪಿ ತಂದರು. ಯಾರೂ ತಿರುಗಿ ನೋಡಲಿಲ್ಲ. ಷಿಕಾಗೊದ ಹುಡುಗರು ಅದೇ ಯಂತ್ರದಿಂದ ಆ್ಯಸಿಡ್ ಹೌಸ್ ಎಂಬ ಹೊಸ ಪ್ರಕಾರವನ್ನೇ ಹುಟ್ಟಿಸಿದ್ದು 1987ರ ಹೊತ್ತಿಗೆ. 2010ರಲ್ಲಿ ನೆದರ್ಲೆಂಡ್ಸ್‌ನವರು ಆ ಎಲ್‌ಪಿಯನ್ನು ಮರುಮುದ್ರಿಸಿದ ಮೇಲೆ ಲೋಕ ಬೆರಗಾಯಿತು. ಐದು ವರ್ಷದಲ್ಲಿ ಚರಣ್‌ಜಿತ್ ತೀರಿಕೊಂಡರು. ನಮ್ಮ ಪಾಲಿನ 1987 ಎಂದರೆ ‘ಪ್ರೇಮಲೋಕ’ ಚಿತ್ರ. ಹಂಸಲೇಖರ ಕೀಬೋರ್ಡು ಮತ್ತು ಯಂತ್ರತಾಳ, ಲಹರಿ ಕ್ಯಾಸೆಟ್ಟು, ಬಾಡಿಗೆ ಮೈಕ್‌ಸೆಟ್ಟು ಸೇರಿ ಕನ್ನಡ ಯುವಕರ ಕಾಲನ್ನು ಮೊದಲು ಅಲುಗಿಸಿದವು. ಆದರೂ ಹಂಸಲೇಖ ಮಾತಿನ ಮನುಷ್ಯ. ಲಯ ಎಷ್ಟೇ ಹೊಸದಾದರೂ ಪ್ರಾಸ ಬಿಡಲಿಲ್ಲ. 1999ರ ‘ಉಪೇಂದ್ರ’ ಚಿತ್ರಕ್ಕೆ ಗುರುಕಿರಣ್ ಕೂರಿಸಿದ ಹಾಡೊಂದರಲ್ಲಿ ಎಂಟಿವಿಯೂ ಸುಬ್ಬುಲಕ್ಷ್ಮಿಯೂ ಸೇರಿ ಒಬ್ಬಳೇ ಹುಡುಗಿಯ ಹೆಸರಾಯಿತಲ್ಲ, ಆ ದಶಕದ ರುಚಿಯನ್ನು ಅದಕ್ಕಿಂತ ಚೊಕ್ಕವಾಗಿ ಯಾವ ವಿಮರ್ಶಕನೂ ಹೇಳಲಿಲ್ಲ.

ದಂಡು ಪ್ರದೇಶದ ಬೆಂಗಳೂರಿನದು ಬೇರೆಯೇ ದಾರಿ. ಚರ್ಚ್ ಸ್ಟ್ರೀಟ್, ರೆಸ್ಟ್ ಹೌಸ್ ರಸ್ತೆಯ ಪಬ್ಬುಗಳಲ್ಲಿ ರಾಕ್ ಸಂಗೀತವೇ ದೇವರು. ಡೀಪ್ ಪರ್ಪಲ್ 2001ರಲ್ಲಿ, ರೋಜರ್ ವಾಟರ್ಸ್ 2002ರಲ್ಲಿ, ಮಳೆಯಲ್ಲಿ ನೆನೆಯುತ್ತ ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಮೆಟಾಲಿಕಾ 2011ರಲ್ಲಿ ಬಂದುಹೋದರು. ಕಚೇರಿ ಕೇಳುವ ಬಸವನಗುಡಿಯವರು ನಗಬಾರದು, ಈ ರಾಕ್ ಭಕ್ತರೂ ಅವರ ಹಾಗೆಯೇ ಕೂತು ಕೇಳುವ ಪೈಕಿ. ಬಿಯರ್ ಮುಂದಿಟ್ಟುಕೊಂಡು ಯಾವ ಹಾಡಿನ ಗಿಟಾರ್ ಯಾರದು ಎಂದು ವಾದಿಸುವ ರೀತಿಯೂ, ಪಲ್ಲವಿಯ ನಿರವಲ್ ಬಗ್ಗೆ ಹರಟುವ ರೀತಿಯೂ ಹೆಚ್ಚುಕಮ್ಮಿ ಒಂದೇ. ಕುಣಿಯಲು ಹೊರಟವರಿಗೆ ಕಾನೂನು ಎದುರಾಯಿತು. ಸಾರ್ವಜನಿಕ ಮನರಂಜನಾ ಸ್ಥಳಗಳ ಕುರಿತ 2005ರ ಆದೇಶವನ್ನು ಮುಂದಿಟ್ಟು, 2008ರ ಸುಮಾರಿಗೆ ಪೊಲೀಸರು ಪಬ್ಬುಗಳಲ್ಲಿ ಹೆಜ್ಜೆ ಹಾಕುವುದನ್ನೇ ತಡೆದರು. ಡಿಜೆ ಇರಬಹುದು, ಕುಣಿತ ಕೂಡದು! ಹಾರ್ಮೋನಿಯಮ್ಮಿನ ಕಾಲದ ಗುಮಾಸ್ತ ಇನ್ನೂ ನಿವೃತ್ತನಾಗಿರಲಿಲ್ಲ.

ಇಷ್ಟಾದ ಮೇಲೂ ಇಡಿಎಂ ಗೆದ್ದಿತು. ಗೆಲ್ಲುವುದಕ್ಕೆ ತಕ್ಕ ಭರವಸೆ ಅದರಲ್ಲಿತ್ತು. ರಾಗ ಗೊತ್ತಿರಬೇಕಿಲ್ಲ, ಇಂಗ್ಲಿಷ್ ಬರಬೇಕಿಲ್ಲ, ಬ್ಯಾಂಡುಗಳ ವಂಶಾವಳಿ ಬಾಯಿಪಾಠ ಇರಬೇಕಿಲ್ಲ. ಎದೆಗೆ ಬಡಿಯುವ ಲಯಕ್ಕೆ ಎದ್ದು ನಿಂತರೆ ಆಯಿತು. ಕಚೇರಿಯಲ್ಲಿ ಹಿಂದಿನ ಸಾಲಿನಲ್ಲಿ ಮುದುಡಿ ಕೂರುತ್ತಿದ್ದವನಿಗೆ ಇದು ಸಣ್ಣ ಬಿಡುಗಡೆಯಲ್ಲ. ಹತ್ತಾರು ವಾದ್ಯಗಾರರೂ ಮದರಾಸಿನ ಸ್ಟುಡಿಯೊವೂ ಇಲ್ಲದೆ ಹಾಡು ಹುಟ್ಟದಿದ್ದ ನಾಡಿನಲ್ಲಿ ಒಂದು ಲ್ಯಾಪ್‌ಟಾಪು ಸಾಕಾಯಿತು. ಉತ್ತರ ಕರ್ನಾಟಕದ ಹುಡುಗರು ಜನಪದ ಡಿಜೆ ಎಂಬ ಹೆಸರಿನಲ್ಲಿ ತಮ್ಮದೇ ಆಡುಮಾತಿನ ಹಾಡುಗಳನ್ನು ಯೂಟ್ಯೂಬಿಗೆ ಹಾಕಿ ಜಾತ್ರೆಗಳನ್ನು ಆಳತೊಡಗಿದರು. 2018ರಲ್ಲಿ ‘ರ‍್ಯಾಂಬೊ 2’ ಚಿತ್ರಕ್ಕಾಗಿ ಅರ್ಜುನ್ ಜನ್ಯ ಮಾಡಿದ ‘ಚುಟು ಚುಟು’ ಹಾಡು ಅದೇ ಭಾಷೆಯ ಬಲದಿಂದ ನಾಡಿನಾಚೆಗೂ ಹೋಯಿತು. ಕನ್ನಡದ ಕಿವಿ ಮಾತನ್ನು ಪೂರಾ ಬಿಟ್ಟುಕೊಡಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಲ್ಯಾಪ್‌ಟಾಪು ಬಂದ ಬಾಗಿಲಿನಿಂದಲೇ ಪಿಟೀಲಿನವರು ಹೊರಗೆ ನಡೆದರು. ಗಣೇಶೋತ್ಸವದ ಆರ್ಕೆಸ್ಟ್ರಾಗಳು ಮೊದಲು ಕೊಳಲಿನವರನ್ನು, ಆಮೇಲೆ ತಬಲದವರನ್ನು, ಕೊನೆಗೆ ಗಾಯಕರನ್ನೂ ಬಿಟ್ಟುಕೊಟ್ಟು ಟ್ರ್ಯಾಕ್ ಹಾಕುವ ಒಬ್ಬನಲ್ಲಿಗೆ ಬಂದು ನಿಂತವು. ಆ ಗಾಯಕರಲ್ಲಿ ಕೆಲವರು ಈಗ ಮದುವೆ ಛತ್ರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾರೆ.

ನಾವು ಇಲ್ಲಿಯವರೆಗೆ ‘ನಾವು’ ಎಂದು ಬರೆದೆವು. ಈ ‘ನಾವು’ ಎಂಬುದರಲ್ಲಿ ಒಂದು ಮೋಸ ಇದೆ. ಕೂತು ಕೇಳಿದ್ದು ನಮ್ಮಂಥ ಕೆಲವರು. ಈ ನಾಡಿನ ಹೆಚ್ಚಿನ ಜನ ಎಂದೂ ಕೂತು ಕೇಳಿರಲಿಲ್ಲ. ತಮಟೆಗೆ, ಡೊಳ್ಳಿಗೆ, ಹಲಗೆಗೆ ಎದ್ದು ಕುಣಿದಿದ್ದರು. ಮಾತಿಲ್ಲದ ಲಯಕ್ಕೆ ಇರುಳೆಲ್ಲ ಮೈಮರೆಯುವ ಆನಂದವನ್ನು ನಗರದ ಹುಡುಗರು ಕ್ಯಾಂಡೊಲಿಮ್ಮಿನಲ್ಲಿ ಸಾವಿರಾರು ರೂಪಾಯಿ ತೆತ್ತು ಕಂಡುಕೊಂಡರೆ, ಊರಹಬ್ಬದ ಕೇರಿಗೆ ಅದು ತಾತನ ಕಾಲದಿಂದ ಗೊತ್ತಿತ್ತು. ಅದನ್ನು ಅಭಿರುಚಿ ಎಂದು ನಾವು ಎಣಿಸಿರಲಿಲ್ಲ, ಅಷ್ಟೆ. ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಡಿಜೆ ಎಂಬ ಶಬ್ದಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಅರ್ಥ ಬಂದಿತ್ತು: ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರು, ಹಿಂದೆ ಜನರೇಟರು. ಗಣಪತಿ ಮೆರವಣಿಗೆಯ ಮುಂದಿನ ಜಾಗವನ್ನು ತಮಟೆಯವರಿಂದ ಕಿತ್ತುಕೊಂಡದ್ದು ಈ ಗೋಡೆ. ಕುಣಿಯುವ ಹಕ್ಕು ಒಬ್ಬರಿಗೆ ಸಿಕ್ಕ ಕಾಲದಲ್ಲಿಯೇ ಕುಣಿಸುವ ಕೂಲಿ ಇನ್ನೊಬ್ಬರ ಕೈತಪ್ಪಿತು.

ಈಚಿನ ವರ್ಷಗಳಲ್ಲಿ ಹಲವು ಜಿಲ್ಲೆಗಳಲ್ಲಿ ಹಬ್ಬದ ಮೆರವಣಿಗೆಗೆ ಡಿಜೆ ಬೇಡವೆಂಬ ಆದೇಶ ಬರುತ್ತಿದೆ. ಸಮಿತಿಯವರು ಮತ್ತೆ ತಮಟೆ ತಂಡಗಳ ನಂಬರು ಹುಡುಕುತ್ತಾರೆ. ಹುಡುಕಿದರೆ ಒಂದೆರಡು ತಂಡ ಸಿಗುತ್ತವೆ. ಮಿಕ್ಕವರ ಮಕ್ಕಳು ಗಾರ್ಮೆಂಟ್ಸಿಗೋ ಡೆಲಿವರಿಗೋ ಸೇರಿಯಾಗಿದೆ. ನಮ್ಮ ಬೀದಿಗೆ ಹಾಗೆ ಬಂದ ತಂಡದವರು ರಸ್ತೆ ಬದಿ ಕಾಗದ ಉರಿಸಿ ಚರ್ಮ ಕಾಯಿಸಿಕೊಂಡರು. ಹುಡುಗರು ಸುತ್ತ ಸೇರಿದರು. ‘ಅಣ್ಣಾ, ಆ ಡಿಜೆ ಬೀಟ್ ಹಾಕಣ್ಣ’ ಎಂದು ಒಬ್ಬ ಫೋನು ಕಿವಿಗೆ ಹಿಡಿದು ಕೇಳಿಸಿದ. ಹಿರಿಯ ಕಲಾವಿದರು ಎರಡು ಸಲ ಕೇಳಿದರು, ತಲೆಯಾಡಿಸಿದರು, ಕಡ್ಡಿ ಎತ್ತಿ ಅದನ್ನೇ ನುಡಿಸಿದರು.