ಜೇಬಿಲ್ಲದ ಜೀನ್ಸೂ ಡಿಸೆಂಬರ್ ಚಳಿಯೂ

ಡಿಸೆಂಬರ್ ಬಂದರೆ ಸಾಕು, ಪುರವಣಿಗಳಲ್ಲಿ ಅದೇ ಲೇಖನ ಮತ್ತೆ ಹುಟ್ಟಿ ಬರುತ್ತೆ. ‘ಚಳಿಗಾಲದಲ್ಲೂ ಜೀನ್ಸ್‌ನಲ್ಲಿ ಮಿಂಚಿ’. ಪಕ್ಕದಲ್ಲೊಂದು ಫೋಟೋ: ಮೈಗಂಟಿದ ಜೀನ್ಸ್, ಮೊಣಕಾಲುದ್ದದ ಬೂಟು, ಉಣ್ಣೆಯ ನೀಳ ಕೋಟು, ಹಿಂದೆ ಎಲೆ ಉದುರಿದ ಮರಗಳ ಸಾಲು. ಯಾವ ಊರಿನ ಮರಗಳೋ. ನಮ್ಮ ಬೀದಿಯ ಹೊಂಗೆ ಡಿಸೆಂಬರಿನಲ್ಲೂ ಹಸಿರಾಗೇ ನಿಂತಿರುತ್ತೆ.

ಅಲ್ಲ ಸ್ವಾಮಿ, ಬೆಂಗಳೂರಿನಲ್ಲಿ ಆ ಬೂಟು ಹಾಕ್ಕೊಂಡು ಯಾರು ಎಲ್ಲಿಗೆ ಹೋಗಬೇಕು? ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗಿನ ಡಿಸೆಂಬರಿನ ಮುಂಜಾವು ಸಾಮಾನ್ಯವಾಗಿ 15-16 ಡಿಗ್ರಿ, ಮಧ್ಯಾಹ್ನ 26-27. ಪುರವಣಿಯವರ ಮಾತು ಕೇಳಿದರೆ ಹನ್ನೊಂದು ಗಂಟೆಗೆಲ್ಲ ಇಡ್ಲಿ ಥರ ಬೆಂದಿರುತ್ತೇವೆ.

ಹಾಗಂತ ಇಲ್ಲಿ ಚಳಿಯೇ ಇಲ್ಲ ಅಂತಲ್ಲ. ಬೆಳಿಗ್ಗೆ ಆರೂವರೆಗೆ ಸ್ಕೂಟರ್ ಹತ್ತಿ ರಿಂಗ್ ರೋಡ್ ಹಿಡಿಯುವವರನ್ನು ಕೇಳಿ ನೋಡಿ. ನಾನು ಆ ಜಾತಿಗೆ ಸೇರಿದವಳು. ಮೇಲೆ ಸ್ವೆಟರ್, ಅದರ ಮೇಲೆ ಜರ್ಕಿನ್, ತಲೆಗೆ ಹೆಲ್ಮೆಟ್. ಸೊಂಟದಿಂದ ಕೆಳಗೆ ಮಾತ್ರ ಒಂದು ತೆಳು ಸ್ಟ್ರೆಚ್ ಜೀನ್ಸ್. ಸಿಲ್ಕ್ ಬೋರ್ಡ್ ಮುಟ್ಟುವಷ್ಟರಲ್ಲಿ ತೊಡೆ ನನ್ನದೋ ಬೇರೆಯವರದೋ ಅಂತ ಅನುಮಾನ ಬರುತ್ತಿತ್ತು.

ನನ್ನ ತಕರಾರು ಈ ಮೈಗಂಟುವ ಜೀನ್ಸ್ ಮೇಲೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತಾನು ಬಿಸಿಯಾಗಿದ್ದಲ್ಲ, ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟುಕೊಂಡು. ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಬೆಚ್ಚಗಿರೋದು ಇದಕ್ಕೇ. ಬಣ್ಣ ಬಳಿದ ಹಾಗೆ ಅಂಟಿಕೊಂಡ ಜೀನ್ಸಿನಲ್ಲಿ ಗಾಳಿಗೆ ಜಾಗ ಎಲ್ಲಿದೆ? ಹೊರಗಿನ ಥಂಡಿ ನೇರವಾಗಿ ಚರ್ಮಕ್ಕೆ. ಶೀತ ದೇಶಗಳಲ್ಲಿ ಬಿಗಿ ಪ್ಯಾಂಟ್ ತೊಟ್ಟು ಗಂಟೆಗಟ್ಟಲೆ ಕುದುರೆ ಓಡಿಸುವ ಹೆಂಗಸರಿಗೆ ತೊಡೆಯ ಹೊರಮಗ್ಗುಲಲ್ಲಿ ಕೆಂಪಗೆ ನೋಯುವ ಗಂಟುಗಳು ಏಳುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನಮ್ಮ ಚಳಿಗೆ, ನಮ್ಮ 110 ಸಿಸಿ ಸ್ಕೂಟರಿಗೆ ಗಂಟೇನೂ ಏಳಲಿಕ್ಕಿಲ್ಲ. ಆದರೆ ಸಂಗತಿ ಅದೇ.

2015ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ವೈದ್ಯರು ಇನ್ನೊಂದು ಪ್ರಕರಣ ಬರೆದರು. 35 ವರ್ಷದ ಹೆಂಗಸೊಬ್ಬಳು ಮನೆ ಬದಲಿಸುತ್ತಿದ್ದವರಿಗೆ ಸಹಾಯ ಮಾಡಲು ಹೋಗಿ, ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಪಾಟು ಖಾಲಿ ಮಾಡಿದ್ದಾಳೆ. ವಾಪಸು ಬರುವಾಗ ಕಾಲು ಸ್ವಾಧೀನ ತಪ್ಪಿ ದಾರಿಯಲ್ಲೇ ಬಿದ್ದಿದ್ದಾಳೆ. ಕಾಲು ಎಷ್ಟು ಊದಿತ್ತೆಂದರೆ ಆಸ್ಪತ್ರೆಯಲ್ಲಿ ಜೀನ್ಸನ್ನು ಕತ್ತರಿಸಿಯೇ ತೆಗೆಯಬೇಕಾಯಿತಂತೆ. ಕುಕ್ಕರುಗಾಲಲ್ಲಿ ಕೂರೋದು, ಅಟ್ಟ ಹತ್ತೋದು, ಮೂಟೆ ಕಟ್ಟೋದು ಇವೆಲ್ಲ ಪುರವಣಿಯ ಫೋಟೋದಲ್ಲಿರುವ ಹುಡುಗಿ ಮಾಡುವ ಕೆಲಸಗಳಲ್ಲವಲ್ಲ, ಅವಳ ಸ್ಟೈಲಿಗೇನೂ ಧಕ್ಕೆಯಿಲ್ಲ.

ಇದನ್ನೆಲ್ಲ ಓದಿಕೊಂಡು, ಹೋದ ವರ್ಷ ಒಂದು ದಪ್ಪ ಬಟ್ಟೆಯ ಸಡಿಲ ಜೀನ್ಸ್ ತಗೊಳ್ಳೋಣ ಅಂತ ಅಂಗಡಿಗೆ ಹೋದೆ.

“ಸ್ಟ್ರೆಚ್ ಇಲ್ಲದ್ದು ತೋರಿಸಪ್ಪಾ.”

“ಲೇಡೀಸಲ್ಲಿ ಬರಲ್ಲ ಮೇಡಂ.”

“ಸ್ವಲ್ಪ ದಪ್ಪ ಬಟ್ಟೆದು?”

“ಲೇಡೀಸಲ್ಲಿ ಬರಲ್ಲ ಮೇಡಂ.”

“ಹೋಗ್ಲಿ, ಕೈ ಹಿಡಿಸೋ ಅಂಥ ಜೇಬಾದ್ರೂ ಇರೋದು?”

ಹುಡುಗ ಪಾಪ ನಕ್ಕುಬಿಟ್ಟ. ಅವನು ತೆಗೆದು ಹರಡಿದ್ದರಲ್ಲಿ ಒಂದಕ್ಕಂತೂ ಜೇಬೇ ಇರಲಿಲ್ಲ. ಜೇಬಿನ ಆಕಾರದಲ್ಲಿ ಹೊಲಿಗೆ ಮಾತ್ರ ಇತ್ತು. ಗೋಡೆ ಮೇಲೆ ಕಿಟಕಿಯ ಚಿತ್ರ ಬರೆದ ಹಾಗೆ!

ಚಳಿಗೂ ಜೇಬಿಗೂ ಏನು ಸಂಬಂಧ ಅಂತ ಕೇಳುವವರು ಗಂಡಸರೇ ಇರಬೇಕು. ಮುಂಜಾನೆ ಬಸ್‌ಸ್ಟಾಪಿನಲ್ಲಿ ನೋಡಿ. ಅವರೆಲ್ಲ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಜೇಬಿಗಿಳಿಸಿ ಆರಾಮವಾಗಿ ನಿಂತಿರುತ್ತಾರೆ. ನಾವು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಪರೀಕ್ಷೆಯಲ್ಲಿ ಫೇಲಾದವರ ಹಾಗೆ. 2018ರಲ್ಲಿ ಅಮೆರಿಕದ ‘ದಿ ಪುಡಿಂಗ್’ ಪತ್ರಿಕೆಯವರು ಅಲ್ಲಿನ 20 ಬ್ರ್ಯಾಂಡ್‌ಗಳ ಜೀನ್ಸ್ ತಂದು ಟೇಪು ಹಿಡಿದು ಅಳೆದರು. ಹೆಂಗಸರ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ ಶೇ 48ರಷ್ಟು ಗಿಡ್ಡ. ಸಂಬಳದ ವಿಷಯದಲ್ಲಿ ಇಂಥ ಅಂಕಿ ಕೇಳಿ ಅಭ್ಯಾಸವಿತ್ತು, ಜೇಬಲ್ಲೂ ಇದೆ ಅಂತ ಆಗ ಗೊತ್ತಾಯ್ತು.

ಸಿಟ್ಟು ಬರೋದು ಯಾಕೆ ಗೊತ್ತಾ? ಜೀನ್ಸ್ ಹುಟ್ಟಿದ್ದೇ ಜೇಬಿನಿಂದ. ಅಮೆರಿಕದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ದರ್ಜಿ. ಕೂಲಿಯವನ ಹೆಂಡತಿಯೊಬ್ಬಳು ಅವನ ಹತ್ತಿರ ಬಂದು, ಗಂಡನಿಗೆ ಬೇಗ ಹರಿಯದ ಗಟ್ಟಿ ಪ್ಯಾಂಟ್ ಹೊಲಿದುಕೊಡು ಅಂದಳು. ಕೆಲಸಗಾರರ ಪ್ಯಾಂಟು ಮೊದಲು ಕಿತ್ತುಬರೋದು ಜೇಬಿನ ಮೂಲೆಯಲ್ಲಿ. ಅಲ್ಲಿಗೆ ಅವನು ತಾಮ್ರದ ರಿವೆಟ್ ಹೊಡೆದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ. ಆ ಪೇಟೆಂಟಿನ ಹೆಸರಿನಲ್ಲೇ ಇರುವುದು ಜೇಬಿನ ಬಾಯಿಯನ್ನು ಭದ್ರ ಮಾಡುವ ಸುಧಾರಣೆ ಅಂತ. ಕೇಳಿಕೊಂಡು ಹೋದವಳು ಹೆಂಗಸು, ಜೇಬು ಉಳಿದದ್ದು ಗಂಡಸರಿಗೆ.

ಇನ್ನು ದೂರದ ಮಾತೇಕೆ, ಬಳ್ಳಾರಿ ಇಲ್ಲೇ ಇದೆ. ಬಿಸಿಲಿಗೆ ಹೆಸರಾದ ಆ ಊರಿನ ಚಿಕ್ಕ ಚಿಕ್ಕ ಘಟಕಗಳಲ್ಲಿ ಹೊಲಿದ ಜೀನ್ಸ್ ಚಳಿಯ ಊರುಗಳಿಗೂ ಹೋಗುತ್ತೆ. ಅಲ್ಲಿಯವರ ಕೈಗೆ ಜೇಬನ್ನು ನಾಲ್ಕು ಇಂಚು ಕೆಳಗೆ ಇಳಿಸೋದು ಒಂದು ಕೆಲಸವಾ? ಆರ್ಡರ್ ಕೊಡುವವನಿಗೆ ಅದು ಬೇಕಿಲ್ಲ, ಅಷ್ಟೇ. ‘ಹೆಂಗಸರು ಕೇಳಲ್ಲ ಮೇಡಂ, ಅವರ ಹತ್ರ ಹ್ಯಾಂಡ್‌ಬ್ಯಾಗ್ ಇರುತ್ತಲ್ಲ’ ಅನ್ನುವುದು ಸಿದ್ಧ ಉತ್ತರ. ಹ್ಯಾಂಡ್‌ಬ್ಯಾಗಿನೊಳಗೆ ಕೈಯಿಟ್ಟುಕೊಂಡು ನಿಲ್ಲಬೇಕಾ ನಾವು?

ಆವತ್ತು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ, ಗಂಡಸರ ವಿಭಾಗಕ್ಕೆ ಹೋದೆ. ದಪ್ಪ ಬಟ್ಟೆ, ಹತ್ತಿಯೊಂದೇ, ಎಳೆದರೆ ಬಗ್ಗದ್ದು. ಸೊಂಟ ಸಡಿಲವಾಗಿತ್ತು, ಆಲ್ಟರೇಷನ್ ಅಂಗಡಿಯವರು 80 ರೂಪಾಯಿಗೆ ಹಿಡಿಸಿಕೊಟ್ಟರು. ಉದ್ದವಾದದ್ದನ್ನು ಕತ್ತರಿಸಲಿಲ್ಲ, ಎರಡು ಮಡಿಕೆ ಮಡಚಿದೆ. ಬೆಳಿಗ್ಗೆ ಒಳಗೊಂದು ತೆಳು ಲೆಗ್ಗಿಂಗ್ಸ್, ಆಫೀಸು ಮುಟ್ಟಿದ ಮೇಲೆ ತೆಗೆದು ಡ್ರಾಯರಿಗೆ. ಸಡಿಲ ಇರುವುದರಿಂದ ಮಾತ್ರ ಇದು ಸಾಧ್ಯ, ಬಿಗಿ ಜೀನ್ಸಿನೊಳಗೆ ಇನ್ನೊಂದು ಪದರ ತುರುಕಿದರೆ ಸ್ಕೂಟರಿಗೆ ಕಾಲೆತ್ತೋಕಾಗಲ್ಲ. ಮೇಲೆ ಕಾಟನ್ ಕುರ್ತಾ, ಸ್ವೆಟರ್. ಚೆನ್ನಾಗೇ ಕಾಣುತ್ತೆ, ನಾನೇ ಹೇಳ್ತಿದೀನಲ್ಲ.

ಒಂದು ದೋಷ ಒಪ್ಪಿಕೊಳ್ಳಬೇಕು. ಹತ್ತಿ ನೀರು ಕುಡಿದರೆ ಬಿಡಲ್ಲ. ಮೋಡದ ಡಿಸೆಂಬರಿನಲ್ಲಿ ದಪ್ಪ ಜೀನ್ಸ್ ಒಣಗೋಕೆ ಎರಡು ದಿನ ಬೇಕು, ಜೇಬಿನ ಒಳಪದರಕ್ಕೆ ಮೂರನೇ ದಿನ. ಆ ತೇವದಲ್ಲೇ ಹಾಕ್ಕೊಂಡು ಹೊರಟರೆ ದೇವರೇ ಗತಿ. ಹಾಗೇ, ಮಂಜು ಸುರಿಯುವಾಗ ಮುಳ್ಳಯ್ಯನಗಿರಿ ಹತ್ತೋಕೆ ಜೀನ್ಸ್ ಹಾಕ್ಕೊಂಡು ಹೋಗುವವರಿಗೂ ನನ್ನ ಬೆಂಬಲವಿಲ್ಲ. 2014ರಲ್ಲಿ ಲೀವೈಸ್ ಕಂಪನಿಯ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್, ತಾವು ತೊಟ್ಟ ಜೀನ್ಸನ್ನು ಒಂದು ವರ್ಷದಿಂದ ಒಗೆಯುವ ಯಂತ್ರಕ್ಕೆ ಹಾಕಿಲ್ಲ ಅಂದಿದ್ದರು. ಅಷ್ಟು ಧೈರ್ಯ ನನಗಿಲ್ಲ, ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಒಗೀತೀನಿ.

ಕಳೆದ ಜನವರಿಯಲ್ಲಿ ಅಮ್ಮ ಸಕಲೇಶಪುರದಿಂದ ಬಂದಿದ್ದಳು. ತಂತಿ ಮೇಲಿದ್ದ ಪ್ಯಾಂಟ್ ನೋಡಿ ಮುಖ ಸಿಂಡರಿಸಿದಳು.

“ಗಂಡಸರ ಪ್ಯಾಂಟ್ ಹಾಕ್ಕೊಂಡು ತಿರುಗ್ತೀಯಲ್ಲೇ, ನೋಡಿದವರು ಏನಂದ್ಕೋತಾರೆ?”

“ಚಳಿ ಬಂದ್ರೆ ಅಪ್ಪನ ಪೈಜಾಮ ಸೀರೆ ಒಳಗೆ ಹಾಕ್ಕೊಳೋದು ಯಾರಮ್ಮಾ?”

“ಅದು ಒಳಗೆ ಕಣೇ. ಯಾರಿಗೆ ಕಾಣುತ್ತೆ?” ಅಂದಳು. ಅಂದವಳು ಒಣಗಿದೆಯಾ ಅಂತ ನೋಡೋಕೆ ಜೇಬಿನೊಳಗೆ ಕೈ ಹಾಕಿದಳು. ಕೈ ಬಳೆಯವರೆಗೂ ಇಳೀತು.

“ಅಬ್ಬಾ! ಇದ್ರಲ್ಲಿ ನನ್ನ ಎಲೆಅಡಿಕೆ ಸಂಚೀನೂ ಹಿಡಿಸತ್ತೆ.”