ನಂಬಬೇಕಾದ ನೋವು

ಮಿದುಳಿನ ಆಜ್ಞೆಗಳು ಕೈಕಾಲುಗಳನ್ನು ತಲುಪುವ ಹೆದ್ದಾರಿಯೇ ಬೆನ್ನುಹುರಿ. ಕಿರುಬೆರಳಿನಷ್ಟೇ ದಪ್ಪವಾದ ಈ ಹುರಿಯನ್ನು ಪ್ರಕೃತಿಯು ಎಲುಬಿನ ಕೊಳವೆಯೊಳಗೆ ಭದ್ರವಾಗಿ ಇರಿಸಿದೆ. ಆದರೆ ಆ ಭದ್ರತೆಯೇ ಒಮ್ಮೊಮ್ಮೆ ಮುಳುವಾಗುವುದುಂಟು. ಕೊಳವೆಯೊಳಗೆ ಗಡ್ಡೆಯೊಂದು ಬೆಳೆದರೆ, ಅದು ಕ್ಯಾನ್ಸರ್ ಅಲ್ಲದ ಗಡ್ಡೆಯೇ ಆಗಿದ್ದರೂ, ಎಲುಬಿನ ಗೋಡೆ ಹಿಗ್ಗಲಾರದು. ಒತ್ತಡವೆಲ್ಲವೂ ಹುರಿಯ ಮೇಲೆಯೇ ಬೀಳುತ್ತದೆ.

ಇಂತಹ ಗಡ್ಡೆಯನ್ನು ಗುರುತಿಸಿ ಹೊರತೆಗೆದ ಮೊದಲ ಯಶಸ್ವೀ ಶಸ್ತ್ರಚಿಕಿತ್ಸೆ ಲಂಡನ್ನಿನಲ್ಲಿ 1887ರ ಜೂನ್ 9ರಂದು ನಡೆಯಿತು. ರೋಗಿಯು 42 ವರ್ಷ ವಯಸ್ಸಿನವನು. ಮೂರು ವರ್ಷಗಳ ಕಾಲ ಬೆನ್ನುನೋವನ್ನು ಹೊತ್ತು ವೈದ್ಯರಿಂದ ವೈದ್ಯರಿಗೆ ಅಲೆದಿದ್ದನು. ಕೊನೆಗೆ ಕಾಲುಗಳೆರಡೂ ಸ್ವಾಧೀನ ತಪ್ಪಿದ ಮೇಲೆ ವಿಲಿಯಂ ಗೋವರ್ಸ್ ಎಂಬ ವೈದ್ಯರು ಅವನ ದೇಹವನ್ನು ಪರೀಕ್ಷಿಸಿ, ಗಡ್ಡೆಯ ನೆಲೆಯನ್ನು ಊಹಿಸಿದರು. ಕ್ಷಕಿರಣಗಳು ಇನ್ನೂ ಪತ್ತೆಯಾಗಿರದ ಕಾಲವದು! ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿಯವರು ಆ ಸ್ಥಳವನ್ನು ತೆರೆದು ನೋಡಿದಾಗ ಗಡ್ಡೆ ಕಾಣಲಿಲ್ಲ. ಅವರು ಅಲ್ಲಿಗೇ ಕೈಬಿಡದೆ ಎಲುಬನ್ನು ಇನ್ನಷ್ಟು ಮೇಲಕ್ಕೆ ತೆರೆದರು, ಗಡ್ಡೆ ಅಲ್ಲಿತ್ತು. ಮರುವರ್ಷದ ಹೊತ್ತಿಗೆ ರೋಗಿಯು ನಡೆದಾಡುತ್ತ ತನ್ನ ಕೆಲಸದಲ್ಲಿ ತೊಡಗಿದ್ದನು.

ಹಾರ್ಸ್ಲಿಯವರ ಕೈಚಳಕವನ್ನು ಲೋಕವು ಕೊಂಡಾಡಿತು, ಕೊಂಡಾಡಬೇಕಾದದ್ದೇ. ಆದರೆ ವ್ಯರ್ಥವಾಗಿ ಕಳೆದ ಆ ಮೂರು ವರ್ಷಗಳನ್ನು ನೆನೆಯುವವರು ವಿರಳ. ಇಂದು ಎಂ.ಆರ್.ಐ. ಯಂತ್ರವು ಹುರಿಯ ಒಳಗನ್ನೇ ಚಿತ್ರಿಸಿ ತೋರಿಸುತ್ತದೆ. ಆದರೂ ರೋಗಿಯು ಯಂತ್ರದವರೆಗೆ ಬರಬೇಕಷ್ಟೆ? ವಯಸ್ಕನ ಮಾತಿಗೇ ಅಷ್ಟು ತಡವಾಯಿತೆಂದಮೇಲೆ, ಹದಿನಾಲ್ಕು ಹದಿನೈದರ ಮಕ್ಕಳ ಪಾಡನ್ನು ಹೇಳುವುದೇನು! ಬೆನ್ನುನೋವೆಂದರೆ ಪುಸ್ತಕದ ಚೀಲದ ಭಾರವೆನ್ನುವರು, ಆಟದಲ್ಲಿ ಬಿದ್ದಿರಬೇಕೆನ್ನುವರು, ಪರೀಕ್ಷೆ ತಪ್ಪಿಸುವ ನೆಪವೆಂದೂ ಹೇಳುವರು. ಬಹುಪಾಲು ಬೆನ್ನುನೋವುಗಳು ತಾವಾಗಿ ಶಮನವಾಗುತ್ತವೆ ಎಂಬುದು ನಿಜ. ಆದರೆ ಮಲಗಿದಾಗ ಹೆಚ್ಚಾಗಿ ನಿದ್ದೆಯಿಂದ ಎಬ್ಬಿಸುವ ನೋವು, ನಡಿಗೆಯಲ್ಲಿ ತೊಡರು, ಕಾಲಿನ ಜೋಮು, ಹೊಸದಾಗಿ ಬಾಗುತ್ತಿರುವ ಬೆನ್ನು, ಮೂತ್ರದ ಹತೋಟಿ ತಪ್ಪುವುದು, ಇವು ಎಣ್ಣೆ ತಿಕ್ಕಿ ಕಾಯುವ ಸಂಗತಿಗಳಲ್ಲ.

ಶಸ್ತ್ರಚಿಕಿತ್ಸೆಯಿಂದ ಎಲ್ಲವೂ ಮುಗಿಯಿತೆಂದು ತಿಳಿಯುವಂತಿಲ್ಲ. ಕೆಲವರಲ್ಲಿ ಕಾಲಿನ ಬಲ ಮೊದಲಿಗಿಂತಲೂ ಕುಗ್ಗಿ, ಆಮೇಲೆ ನಿಧಾನವಾಗಿ ಮರಳುತ್ತದೆ. ಹಾಸಿಗೆಯಲ್ಲಿ ಹೊರಳುವುದು, ಕೂರುವುದು, ಕಂಬಿ ಹಿಡಿದು ನಿಲ್ಲುವುದು, ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಇದು ತಿಂಗಳುಗಟ್ಟಲೆಯ ದುಡಿಮೆ. ಗಡ್ಡೆ ಮತ್ತೆ ತಲೆಯೆತ್ತಿತೇ ಎಂದು ವರ್ಷಗಟ್ಟಲೆ ಪರೀಕ್ಷಿಸುತ್ತಲೂ ಇರಬೇಕು. ವಿಚಿತ್ರವೆಂದರೆ, ಮೊದಲು ಹುಡುಗನ ನೋವನ್ನು ನಂಬದಿದ್ದವರು ಈಗ ಅವನ ಶಕ್ತಿಯನ್ನು ನಂಬುವುದಿಲ್ಲ. ಮನೆಯವರು ನೀರಿನ ಲೋಟವನ್ನೂ ಎತ್ತಗೊಡರು. ಶಾಲೆಯವರು ಮುಂದಿನ ವರ್ಷ ಬರಲಿ ಎನ್ನುವರು. ಇದು ಕರುಣೆಯ ವೇಷ ಧರಿಸಿದ ಅದೇ ಅಪನಂಬಿಕೆ.

ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸರು 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಬಲವನ್ನು ಶಾಶ್ವತವಾಗಿ ಕಳೆದುಕೊಂಡರು. ಆದರೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರಿಂದ ಅದು ಸಾಧ್ಯವೆಂದು ನಂಬಿದ ಸಹೋದ್ಯೋಗಿಗಳು ಅವರಿಗಿದ್ದರು. ಊರುಗೋಲಿನೊಡನೆ ಶಾಲೆಗೆ ಹಿಂದಿರುಗುವ ಹುಡುಗನಿಗೆ ಬೇಕಾದುದು ಅದಕ್ಕಿಂತ ಎಷ್ಟೋ ಕಡಿಮೆ. ಅವನ ತರಗತಿ ಮೇಲಂತಸ್ತಿನಲ್ಲಿದ್ದರೆ ಅದನ್ನು ಕೆಳಕ್ಕೆ ಬದಲಾಯಿಸಲು ಒಂದು ಬೆಳಗಿನ ಹೊತ್ತು ಸಾಕು.