ಒದ್ದೆ ಪಾದಕ್ಕೆ ಹಿಡಿತ ಕೊಡುವ ನೆಲ ಬೇಕು

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರನ್ನು ಮತ್ತೆ ನಡೆಸುವುದರಲ್ಲೇ ನನ್ನ ದಿನದ ಬಹುಪಾಲು ಕಳೆಯುತ್ತದೆ. ಎಲ್ಲಿ ಬಿದ್ದಿರಿ ಎಂದರೆ ಹೆಚ್ಚಿನವರು ಬಚ್ಚಲುಮನೆಯತ್ತ ಕೈ ತೋರಿಸುತ್ತಾರೆ. ‘ವಯಸ್ಸಾಯ್ತಲ್ಲ ಮೇಡಂ, ನೋಡ್ಕೊಂಡು ನಡೀಬೇಕಿತ್ತು’ ಎಂದು ಮಕ್ಕಳು ಹೇಳುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಕೆಡವಿದ್ದು ನುಣುಪಾದ ಟೈಲ್ಸು. ಅದನ್ನು ಆರಿಸಿ ಹಾಕಿಸಿದ್ದು ಮನೆ ಕಟ್ಟಿಸಿದವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದರದ್ದೇ. ಸಾಯುವವರಲ್ಲಿ 60 ದಾಟಿದವರೇ ಹೆಚ್ಚು. ನಿವೃತ್ತರ ಸ್ವರ್ಗ ಎಂದು ಹೆಸರಾದ ನಮ್ಮ ಊರು ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮನಸ್ಸಿಗೆ ಹಾಕಿಕೊಳ್ಳಬೇಕಿತ್ತು.

ಅಗ್ರಹಾರದ, ಚಾಮರಾಜಪುರಂನ ಹಳೆ ಮನೆಗಳಿಗೆ ಹೋದಾಗ ನಾನು ನೆಲವನ್ನೇ ಮೊದಲು ನೋಡುತ್ತೇನೆ. ನಡುಮನೆಯಲ್ಲಿ ತಿಕ್ಕಿ ತಿಕ್ಕಿ ಹೊಳಪೇರಿದ ಕೆಂಪು ಗಾರೆ. ಅದೂ ನುಣುಪೇ. ಆದರೆ ಬಚ್ಚಲಿಗೆ ಕಾಲಿಟ್ಟರೆ ಉಳಿಪೆಟ್ಟು ಹಾಗೇ ಉಳಿದಿರುವ ಒರಟು ಕಲ್ಲುಚಪ್ಪಡಿ, ನೀರು ಹರಿದುಹೋಗಲು ವಾಟ. ನೀರು ಬೀಳದ ಜಾಗಕ್ಕೆ ಒಂದು ನೆಲ, ಬೀಳುವ ಜಾಗಕ್ಕೆ ಇನ್ನೊಂದು. ಈ ವಿವೇಕವನ್ನು ನಾವು ಕೈಬಿಟ್ಟೆವು. ಹಾಲ್‌ಗೆ ತಂದ ಪಾಲಿಶ್ ಟೈಲ್ಸ್ ಅಥವಾ ಗ್ರಾನೈಟನ್ನೇ ಬಚ್ಚಲಿಗೂ ಮೆಟ್ಟಿಲಿಗೂ ಹಾಸುತ್ತಿದ್ದೇವೆ.

ಒಣಗಿದ್ದಾಗ ಪಾಲಿಶ್ ನೆಲ ಅಷ್ಟಾಗಿ ಜಾರದು. ನೀರು ಬಿದ್ದರೆ ಪಾದಕ್ಕೂ ಟೈಲ್ಸಿಗೂ ನಡುವೆ ತೆಳು ಪದರ ನಿಲ್ಲುತ್ತದೆ, ಕಾಲು ಅದರ ಮೇಲೆ ತೇಲುತ್ತದೆ. ಒರಟು ಮೇಲ್ಮೈಯ ಸಣ್ಣ ಸಣ್ಣ ಉಬ್ಬುಗಳು ಆ ಪದರವನ್ನು ಭೇದಿಸಿ ಪಾದಕ್ಕೆ ತಾಗುತ್ತವೆ, ಹಿಡಿತ ಸಿಗುತ್ತದೆ. ನೀರಿಗಿಂತ ಸೋಪು, ಎಣ್ಣೆಯ ಪದರ ದಪ್ಪ, ಅಲ್ಲಿ ಒರಟುತನವೂ ಹೆಚ್ಚೇ ಬೇಕು. ಎಣ್ಣೆಸ್ನಾನದ ದಿನದ ಬಚ್ಚಲನ್ನು ನೆನೆಸಿಕೊಳ್ಳಿ. ಮಂಡಿಗೆ ಹಚ್ಚಿದ ಎಣ್ಣೆ ಅಂಗಾಲಿಗೆ ಇಳಿದಿರುತ್ತದೆ, ನೆಲದ ಮೇಲೆ ಸೋಪಿನ ನೊರೆ. ಅಜ್ಜಿ ಸ್ಟೂಲಿನಿಂದ ಏಳುವಾಗ ಆಸರೆಗೆಂದು ನಲ್ಲಿಯನ್ನೋ ಟವೆಲ್ ಕಂಬಿಯನ್ನೋ ಹಿಡಿಯುತ್ತಾರೆ. ಎರಡೂ ಮೈಭಾರ ತಾಳುವಂಥವಲ್ಲ.

ಅಂಗಡಿಗಳಲ್ಲಿ ‘ಆರ್-9, ಆ್ಯಂಟಿ ಸ್ಕಿಡ್’ ಎಂದು ಹೇಳಿ ಮಾರುವುದುಂಟು. ಈ ‘ಆರ್’ ದರ್ಜೆ ಜರ್ಮನಿಯಲ್ಲಿ ರೂಪುಗೊಂಡ ಒಂದು ಪರೀಕ್ಷೆಯದು. ಅದರಲ್ಲಿ ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ತೊಟ್ಟವರನ್ನು ನಡೆಸಿ, ಎಷ್ಟು ಓರೆಯಾದಾಗ ಜಾರುತ್ತಾರೆ ಎಂದು ಅಳೆಯುತ್ತಾರೆ. ಆರ್-9 ಎಂದರೆ 6ರಿಂದ 10 ಡಿಗ್ರಿ, ಆ ಪಟ್ಟಿಯ ತೀರಾ ಕೆಳಗಿನ ದರ್ಜೆ. ಆರ್-11ಕ್ಕೆ 19 ಡಿಗ್ರಿ ದಾಟಬೇಕು. ಬಚ್ಚಲಿಗೆ ಹೊಂದುವುದು ಬರಿಗಾಲು, ಸೋಪುನೀರಿನ ಇನ್ನೊಂದು ಪರೀಕ್ಷೆ. ಅದರಲ್ಲಿ ಎ, ಬಿ, ಸಿ ಎಂಬ ದರ್ಜೆಗಳಿವೆ. 18 ಡಿಗ್ರಿ ತಾಳಿದರೆ ಬಿ, 24 ತಾಳಿದರೆ ಸಿ. ಕೊಳ್ಳುವವರು ಈ ದರ್ಜೆಯನ್ನೇ ಕೇಳಬೇಕು.

ಕೆಲಸದ ಜಾಗಗಳ ಪಾಡು ಇನ್ನೂ ಕಷ್ಟದ್ದು. ಮದುವೆ ಛತ್ರದ ಅಡುಗೆಮನೆಯಲ್ಲಿ ಇಬ್ಬರು ಕುದಿಯುವ ಸಾರಿನ ಕೊಳದಪ್ಪಲೆ ಹಿಡಿದು ಓಡಾಡುತ್ತಾರೆ. ಕಾಲಲ್ಲಿ ಅಟ್ಟೆ ಸವೆದ ಹವಾಯಿ ಚಪ್ಪಲಿ, ಕೆಳಗೆ ಎಣ್ಣೆ ಜಿಡ್ಡು. ಒಂದೇ ಬಕೆಟ್ಟಿನ ಕೊಳಕು ನೀರಿನಲ್ಲಿ ಮತ್ತೆ ಮತ್ತೆ ಒರೆಸಿದರೆ ಜಿಡ್ಡು ಹೋಗುವುದಿಲ್ಲ, ನೆಲದ ತುಂಬ ಹರಡುತ್ತದೆ. ಬಿಸಿನೀರು, ಜಿಡ್ಡು ತೆಗೆಯುವ ಪುಡಿ, ಗಟ್ಟಿ ಬ್ರಷ್ಷು ಬೇಕು. ಜಾರಿಸುವಂಥ ಯಾವ ವಸ್ತುವೂ ನೆಲದ ಮೇಲೆ ಇರಕೂಡದು ಎಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಸೆಕ್ಷನ್ ಹೇಳಿತ್ತು. ಕಾರ್ಖಾನೆಯ ಕಾರ್ಮಿಕರಿಗೆ ಕೊಟ್ಟ ಆ ರಕ್ಷಣೆ ಅಡುಗೆಯವರಿಗೂ ಪಾತ್ರೆ ತೊಳೆಯುವ ಹೆಣ್ಣುಮಕ್ಕಳಿಗೂ ಸಿಗಲೇಬೇಕು.

‘ಒರಟು ಟೈಲ್ಸಲ್ಲಿ ಕೊಳೆ ಕೂರುತ್ತೆ’ ಎಂಬ ಆಕ್ಷೇಪ ನಿಜ. ವಾರಕ್ಕೊಮ್ಮೆ ಬ್ರಷ್ಷು ಹಾಕಿ ಉಜ್ಜಿದರೆ ಹೋಗುತ್ತದೆ. ಸೊಂಟ ಮುರಿದ ಮೇಲಿನ ಆಪರೇಷನ್ನು, ವಾಕರು, ತಿಂಗಳುಗಟ್ಟಲೆ ಪರಾವಲಂಬನೆಯ ಮುಂದೆ ಈ ಶ್ರಮ ಏನೇನೂ ಅಲ್ಲ. ಹಳೆ ನೆಲ ಕೀಳಲೂ ಬೇಕಿಲ್ಲ. ಸ್ನಾನದ ಜಾಗಕ್ಕೆ ಅಡಿಯಲ್ಲಿ ಹಿಡಿತವಿರುವ ರಬ್ಬರ್ ಮ್ಯಾಟು, ಮೆಟ್ಟಿಲಂಚಿಗೆ ಒರಟು ಪಟ್ಟಿ, ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆ, ರಾತ್ರಿಗೊಂದು ಸಣ್ಣ ದೀಪ. ಬಚ್ಚಲ ಬಾಗಿಲಾಚೆ ಕಾಲೊರೆಸು ಇರಲಿ. ಒದ್ದೆಗಾಲಲ್ಲಿ ಹಾಲ್‌ಗೆ ಬಂದು ಬಿದ್ದವರೂ ಇದ್ದಾರೆ.

ಟೈಲ್ಸ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಚೊಂಬು ಸೋಪುನೀರು ಕೇಳಿ. ಸ್ಯಾಂಪಲ್ಲಿನ ಮೇಲೆ ಸುರಿದು, ಪಕ್ಕದಲ್ಲಿ ಒಬ್ಬರನ್ನು ಹಿಡಿದು, ಚಪ್ಪಲಿ ಬಿಟ್ಟು ಒಂದು ಕಾಲೂರಿ ನೋಡಿ. ಛತ್ರ, ಹೋಟೆಲ್, ಆಸ್ಪತ್ರೆ, ಶಾಲೆಗಳ ನಕ್ಷೆಗೆ ಒಪ್ಪಿಗೆ ಕೊಡುವಾಗ ನೀರು ಬೀಳುವ ಕಡೆಯೆಲ್ಲ ಯಾವ ದರ್ಜೆಯ ನೆಲ ಎಂದು ಮಹಾನಗರಪಾಲಿಕೆ ಬರೆಸಿಕೊಳ್ಳಲಿ. ಕಟ್ಟಡ ಮುಗಿದ ಮೇಲೆ ಅಲ್ಲಿ ನೀರು ಸುರಿದು ಪರೀಕ್ಷಿಸಲಿ.